ಗೊಂಬೆ ಮೆಟ್ಟಿಲ ಮೇಲಿನ ಊರುಗಳು: ಬಾಲ್ಯದ ಯಾತ್ರೆಗಳು ಮತ್ತು ಮನೆಯಲ್ಲಿ ಉಳಿದ ನೆನಪಿನ ವಸ್ತುಗಳು

ಗೊಂಬೆಮನೆ, ಮೈಸೂರು (ಚರ್ಚೆಯ ಆರಂಭ)

ಪ್ರವಾಸದ ಹಂಬಲ ಎಲ್ಲಿಂದ ಹುಟ್ಟಿತು ಎಂದು ಯಾರಾದರೂ ಕೇಳಿದರೆ, ನಾನು ದಸರೆಯ ಗೊಂಬೆಗಳಿಂದ ಎಂದೇ ಹೇಳುತ್ತೇನೆ. ಹಳೆ ಮೈಸೂರಿನ ಮನೆಗಳಲ್ಲಿ ನವರಾತ್ರಿಯ ಪಾಡ್ಯದಂದು ಬೆಸ ಸಂಖ್ಯೆಯ ಮೆಟ್ಟಿಲುಗಳನ್ನು ಜೋಡಿಸಿ, ಬಿಳಿಯ ಪಂಚೆ ಹಾಸಿ, ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು, ಅಂದರೆ ರಕ್ತಚಂದನದ ರಾಜರಾಣಿಯರನ್ನು, ಎತ್ತರದಲ್ಲಿ ಕೂರಿಸುವುದು ಎಲ್ಲರಿಗೂ ತಿಳಿದಿರುವ ಪದ್ಧತಿ. ಕೆಳಗಿನ ಮೆಟ್ಟಿಲುಗಳನ್ನು ಗಮನಿಸಿ ನೋಡುವವರು ಕಡಿಮೆ. ಆ ಮನೆಯವರು ಯಾವ ಯಾವ ಊರು ಕಂಡಿದ್ದಾರೆ ಎಂಬುದು ಅಲ್ಲಿ ಕುಳಿತಿರುತ್ತದೆ. ನಮ್ಮ ಮನೆಯಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ವಾದ್ಯಗಾರರು, ಕೊಂಡಪಲ್ಲಿಯ ಮರದ ಎತ್ತಿನ ಗಾಡಿ, ತಂಜಾವೂರಿನ ತಲೆಯಾಡಿಸುವ ಗೊಂಬೆ, ಪುರಿಯಿಂದ ಬಂದ ಜಗನ್ನಾಥ, ಬಲಭದ್ರ, ಸುಭದ್ರೆಯರು, ಕನ್ಯಾಕುಮಾರಿಯ ಏಳು ಬಣ್ಣದ ಮರಳಿನ ಪೊಟ್ಟಣ, ಇವೆಲ್ಲ ದೇವಾನುದೇವತೆಗಳ ಪಕ್ಕದಲ್ಲಿ ಸಮಾನ ಗೌರವದಿಂದ ಕೂರುತ್ತಿದ್ದವು.

ಗೊಂಬೆಗಳನ್ನು ಟ್ರಂಕಿನಿಂದ ತೆಗೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ ಅಜ್ಜಿಯ ಕೈಗೆ ಕೊಡುವುದು ಮಕ್ಕಳಾದ ನಮ್ಮ ಕೆಲಸ. ಅಜ್ಜಿ ಅದನ್ನು ಹಾಗೆಯೇ ಮೆಟ್ಟಿಲ ಮೇಲೆ ಇಡುತ್ತಿರಲಿಲ್ಲ. ಅದು ಯಾವ ಊರಿನದು, ಯಾವ ವರ್ಷ ಹೋಗಿದ್ದು, ಜೊತೆಗೆ ಯಾರು ಯಾರು ಇದ್ದರು, ಅಂಗಡಿಯವನು ಎಷ್ಟು ಹೇಳಿದ, ತಾತ ಎಷ್ಟಕ್ಕೆ ಇಳಿಸಿದರು, ರಾತ್ರಿ ಯಾವ ಛತ್ರದಲ್ಲಿ ಮಲಗಿದ್ದು ಎಂಬುದನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ಗೊಂಬೆಗೆ ಅದರ ಜಾಗ ಸಿಗುತ್ತಿತ್ತು. ಸಂಜೆ ಗೊಂಬೆ ಬಾಗಿನಕ್ಕೆ, ಅಂದರೆ ಗೊಂಬೆ ನೋಡಲು ಬಂದವರಿಗೆ ಹಂಚುವ ತಿಂಡಿಗೆ, ಬಂದ ಓಣಿಯ ಮಕ್ಕಳು ಏನಾದರೂ ಕೇಳಿದರೆ, ಅದೇ ಕಥೆಯನ್ನು ಹೇಳುವ ಸರದಿ ನಮ್ಮದಾಗುತ್ತಿತ್ತು.

ಪುರಿಯ ಯಾತ್ರೆಗೆ ನನ್ನನ್ನೂ ಎತ್ತಿಕೊಂಡು ಹೋಗಿದ್ದರಂತೆ. ಆ ಪ್ರಯಾಣದ ಏನೊಂದೂ ನನಗೆ ನೆನಪಿಲ್ಲ. ವರ್ಷವರ್ಷವೂ ಕೇಳಿದ ಅಜ್ಜಿಯ ವರ್ಣನೆ ಮಾತ್ರ ಅಕ್ಷರಶಃ ನೆನಪಿದೆ. ಆದ್ದರಿಂದಲೇ ನನ್ನ ನಂಬಿಕೆ ಇಷ್ಟು: ಮಕ್ಕಳಲ್ಲಿ ಊರು ನೋಡುವ ಆಸೆಯನ್ನು ಬೆಳೆಸುವುದು ಯಾತ್ರೆಗಿಂತ ಹೆಚ್ಚಾಗಿ, ಯಾತ್ರೆಯಿಂದ ಬಂದ ವಸ್ತುವನ್ನು ಮುಂದಿಟ್ಟುಕೊಂಡು ಮನೆಯವರು ಮತ್ತೆ ಮತ್ತೆ ಆಡುವ ಮಾತು. ನಿಮ್ಮ ಮನೆಗಳಲ್ಲಿ ಈ ಕೆಲಸವನ್ನು ಯಾವ ವಸ್ತು ಮಾಡಿತು ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ಹೋಲ್ಡಾಲ್, ಬೆಂಗಳೂರು

ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದ್ದು ಒಂದು ಲೆಕ್ಕದ ಪುಸ್ತಕ. ನಮ್ಮ ತಂದೆಯವರು ಕೇಂದ್ರ ಸರ್ಕಾರದ ನೌಕರರಾಗಿದ್ದರು. ನಾಲ್ಕು ವರ್ಷದ ಒಂದು ಅವಧಿಯಲ್ಲಿ ಒಮ್ಮೆ ಭಾರತದ ಯಾವ ಮೂಲೆಗಾದರೂ ಕುಟುಂಬದೊಂದಿಗೆ ಹೋಗಿಬರಲು ಸಿಗುತ್ತಿದ್ದ ಎಲ್‌ಟಿಸಿ (ರಜಾ ಪ್ರಯಾಣ ರಿಯಾಯಿತಿ) ಸೌಲಭ್ಯ ಇಲ್ಲದೇ ಹೋಗಿದ್ದರೆ, ನಮ್ಮಂಥ ಸಂಬಳದ ಮನೆಯವರು ಕಾಶಿಯನ್ನಾಗಲಿ ರಾಮೇಶ್ವರವನ್ನಾಗಲಿ ನೋಡುವ ಮಾತೇ ಇರಲಿಲ್ಲ. ಹೋಲ್ಡಾಲಿನಲ್ಲಿ ಸುತ್ತಿದ ಹಾಸಿಗೆ, ನೀರಿನ ಕೂಜ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ, ಚಟ್ನಿಪುಡಿ ಇವುಗಳೊಂದಿಗೆ ಹೊರಟರೆ, ದಾರಿಯಲ್ಲಿ ಕೊಳ್ಳುತ್ತಿದ್ದುದು ಮೊಸರು ಮತ್ತು ಬಾಳೆಹಣ್ಣು ಮಾತ್ರ.

ಆಗಿನ ರೈಲ್ವೆ ಟಿಕೆಟ್ಟು ದಪ್ಪ ರಟ್ಟಿನದು. ಅಂಚಿನಲ್ಲಿ ತೂತು, ಒತ್ತಿ ಮುದ್ರಿಸಿದ ದಿನಾಂಕ. ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತರುವುದು ಸಾಧ್ಯವಿರಲಿಲ್ಲ, ಏಕೆಂದರೆ ಇಳಿದ ನಿಲ್ದಾಣದ ಗೇಟಿನಲ್ಲೇ ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದರು. ಕಚೇರಿಯಲ್ಲಿ ಬಿಲ್ಲು ಸಲ್ಲಿಸುವಾಗ ಟಿಕೆಟ್ಟಿನ ಸಂಖ್ಯೆ ಬೇಕಾಗುತ್ತಿದ್ದುದರಿಂದ ತಂದೆಯವರು ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಬರೆಯುತ್ತಾ ಬರೆಯುತ್ತಾ ಅದೇ ಪುಟದಲ್ಲಿ ರೈಲು ಎಷ್ಟು ತಡವಾಯಿತು, ಯಾವ ನದಿ ದಾಟಿತು, ಕಂಪಾರ್ಟ್‌ಮೆಂಟಿನಲ್ಲಿ ಜೊತೆಯಾದವರು ಯಾವ ಊರಿನವರು ಎಂಬುದೂ ಸೇರಿಕೊಂಡಿತು. ಕ್ಯಾಮೆರಾ ಅಗ್ಫಾ ಕ್ಲಿಕ್ ತ್ರೀ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹೀಗಾಗಿ ಇಡೀ ಉತ್ತರ ಭಾರತದ ಪ್ರವಾಸದಲ್ಲಿ ನಮ್ಮ ಪಾಲಿಗೆ ದಕ್ಕಿದ ಫೋಟೋಗಳು ಬೆರಳೆಣಿಕೆಯಷ್ಟು, ಉಳಿದಿದ್ದೆಲ್ಲ ಆ ಪುಸ್ತಕದಲ್ಲಿದೆ. ಇವತ್ತಿಗೂ ಯಾವ ಊರಿಗೆ ಹೋದರೂ ನಾನು ಮೊದಲು ಕೊಳ್ಳುವುದು ಒಂದು ಸಣ್ಣ ನೋಟ್‌ಬುಕ್ಕು.

ಮನೆಯ ದೇವರ ಪೆಟ್ಟಿಗೆಯಲ್ಲಿ ಬೆಸುಗೆ ಹಾಕಿದ ಗಂಗೆಯ ತಾಮ್ರದ ಗಿಂಡಿಯೂ ಇದೆ. ಕಾಶಿಯ ಗಂಗೆಯನ್ನು ರಾಮೇಶ್ವರಕ್ಕೆ ಒಯ್ದು ಅಭಿಷೇಕ ಮಾಡಿಸಬೇಕು, ರಾಮೇಶ್ವರದ ಮರಳನ್ನು ಪ್ರಯಾಗದಲ್ಲಿ ವಿಸರ್ಜಿಸಬೇಕು ಎಂಬ ಸಂಪ್ರದಾಯವನ್ನು ಕಲ್ಪಿಸಿದವರು ದೊಡ್ಡವರು. ತಂದ ವಸ್ತುವೇ ಮುಂದಿನ ಯಾತ್ರೆಯನ್ನು ಕಡ್ಡಾಯ ಮಾಡುತ್ತದೆ.

ಮಲಪ್ರಭೆಯ ದಂಡೆ, ಸವದತ್ತಿ ತಾಲ್ಲೂಕು

ಮೇಲಿನ ಎರಡೂ ಬರಹಗಳನ್ನು ಪ್ರೀತಿಯಿಂದ ಓದಿದೆ. ಆದರೆ ರೈಲು, ರಜೆ, ಛತ್ರ ಯಾವುದೂ ಇಲ್ಲದ ಮನೆಗಳಲ್ಲಿ ಬೆಳೆದವರ ಮಾತನ್ನೂ ಇಲ್ಲಿ ಸೇರಿಸಬೇಕು ಎನ್ನಿಸಿತು. ನಾವು ಒಕ್ಕಲುತನದವರು. ನಮ್ಮ ಬಾಲ್ಯದಲ್ಲಿ ಪ್ರವಾಸವೆಂದರೆ ಜಾತ್ರೆ. ಸುಗ್ಗಿಯ ಹೊತ್ತು ನೋಡಿಕೊಂಡು ಚಕ್ಕಡಿ ಕಟ್ಟಿ ಎಲ್ಲಮ್ಮನ ಗುಡ್ಡಕ್ಕೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ. ಬನಶಂಕರಿಯ ಜಾತ್ರೆ ವಾರಗಟ್ಟಲೆ ನಡೆಯುತ್ತದೆ; ನಾಟಕ ಕಂಪನಿಗಳು ಡೇರೆ ಹೂಡುತ್ತವೆ; ಕೆತ್ತನೆಯ ಬಾಗಿಲು ಚೌಕಟ್ಟುಗಳು ಸಾಲು ಹಚ್ಚಿ ಮಾರಾಟಕ್ಕೆ ನಿಂತಿರುತ್ತವೆ. ಆ ಚೌಕಟ್ಟುಗಳ ಮೂಲಕ ಒಳಹೊಕ್ಕು ಹೊರಬರುವುದೇ ನಮಗೆ ಆಟವಾಗಿತ್ತು.

ನಮ್ಮ ಅವ್ವ ಅಲ್ಲಿಂದ ತರುತ್ತಿದ್ದುದು ಫಳಾರ: ಚುರುಮುರಿ, ಬೆಂಡು, ಬತ್ತಾಸು, ಖರ್ಜೂರ. ಮನೆಗೆ ಬಂದ ಕೂಡಲೇ ಅದನ್ನು ಬಿಚ್ಚಿ, ಓಣಿಯ ಪ್ರತಿ ಮನೆಗೂ ಒಂದೊಂದು ಬೊಗಸೆ ಮುಟ್ಟಿಸಬೇಕಿತ್ತು. ಮೊದಲ ಪಾಲು ಬಾಣಂತಿಯರಿಗೆ, ಹಾಸಿಗೆ ಹಿಡಿದವರಿಗೆ, ಎತ್ತು ಕಾಯಲೆಂದು ಊರಲ್ಲೇ ಉಳಿದವರಿಗೆ. ನಮ್ಮ ಆಯಿ, ಅಂದರೆ ಅಜ್ಜಿ, ಆಷಾಢದಲ್ಲಿ ದಿಂಡಿಯ (ಭಜನೆ ಮಾಡುತ್ತ ನಡೆಯುವ ಭಕ್ತರ ತಂಡದ) ಜೊತೆ ನಡೆದುಕೊಂಡು ಪಂಢರಪುರಕ್ಕೆ ಹೋಗಿ ಬಂದಾಗಲೂ ಹೀಗೆಯೇ. ತುಳಸಿ ಮಾಲೆ, ಬುಕ್ಕಾ ಎಂಬ ಪರಿಮಳದ ಕಪ್ಪು ಪುಡಿ, ಅಷ್ಟಗಂಧ ಎಲ್ಲವೂ ಹಂಚಿ ಹೋಗುತ್ತಿದ್ದವು, ಅವಳ ಕಾಲಿನ ಬೊಕ್ಕೆಯೊಂದನ್ನು ಬಿಟ್ಟು ಅವಳ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ನೆನಪಿನ ವಸ್ತು ಎಂದರೆ ತನಗಾಗಿ ಇಟ್ಟುಕೊಳ್ಳುವಂಥದ್ದು ಎಂಬ ಭಾವನೆ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಹೋಗಲಾರದವರಿಗೆ ಯಾತ್ರೆಯ ಪಾಲು ಮುಟ್ಟಿಸುವ ಸಾಧನ ಅದು. ಫಳಾರ ಹಂಚಲು ಹೋದ ನಮ್ಮನ್ನು ಪ್ರತಿ ಮನೆಯಲ್ಲೂ ಕೂರಿಸಿಕೊಂಡು “ತೇರು ಹೆಂಗ ಎಳದ್ರು? ಮಂದಿ ಎಷ್ಟಿತ್ತು?” ಎಂದು ಕೇಳುತ್ತಿದ್ದರು. ಕಂಡದ್ದನ್ನು ಹೇಳುವ ಅಭ್ಯಾಸ ನನಗೆ ಬಂದದ್ದು ಆ ಕಟ್ಟೆಗಳ ಮೇಲೆ. ಈಗ ನೌಕರಿಯ ನಿಮಿತ್ತ ದೇಶವೆಲ್ಲ ತಿರುಗುತ್ತೇನೆ. ಬರುವಾಗ ಚೀಲದಲ್ಲಿ ಇರುವುದೆಲ್ಲ ತಿನ್ನುವ ಪದಾರ್ಥ, ಮನೆಗೆ ಬಂದ ಎರಡು ದಿನದಲ್ಲಿ ಖಾಲಿಯಾಗುವಂಥದ್ದು.

ಗೊಂಬೆಮನೆ, ಮೈಸೂರು

ಸವದತ್ತಿಯವರೇ, ತಮ್ಮ ಮಾತು ನನ್ನ ವಿಚಾರಕ್ಕೆ ಒಂದು ದೊಡ್ಡ ಸೇರ್ಪಡೆ. ತಿರುಪತಿಯ ಲಡ್ಡು, ಕಾಶಿಯ ಕಪ್ಪು ದಾರ, ಧರ್ಮಸ್ಥಳದ ಪ್ರಸಾದ ಇವೆಲ್ಲವೂ ತಾವು ಹೇಳಿದ ಬಗೆಗೇ ಸೇರುತ್ತವೆ. ಕಾಶಿ ಯಾತ್ರೆ ಮುಗಿಸಿ ಬಂದವರು ಗಂಗಾ ಪೂಜೆ ಮಾಡಿ ಬಂಧುಬಳಗಕ್ಕೆ ಊಟ ಹಾಕುವ ಸಮಾರಾಧನೆಯಲ್ಲೂ ಪಾಲು ಮುಟ್ಟಿಸುವ ಅದೇ ಉದ್ದೇಶವಿದೆ. ನಮ್ಮ ಅಜ್ಜಿ ಓಣಿಯ ಮಕ್ಕಳನ್ನು ಕರೆದು ಗೊಂಬೆ ತೋರಿಸುತ್ತಿದ್ದುದನ್ನೂ ಇನ್ನು ಮುಂದೆ ನಾನು ಹಾಗೆಯೇ ನೋಡುತ್ತೇನೆ.

ಪಾಠದ ಮನೆ, ತುಮಕೂರು

ಮನಃಶಾಸ್ತ್ರವನ್ನು ಬಹುಕಾಲ ಬೋಧಿಸಿದವನಾದ್ದರಿಂದ ಕೆಲವು ಮಾತು. ಪುರಿಯ ಯಾತ್ರೆ ನೆನಪಿಲ್ಲ, ಅಜ್ಜಿಯ ವರ್ಣನೆ ನೆನಪಿದೆ ಎಂದು ಮೈಸೂರಿನವರು ಬರೆದದ್ದು ಅಧ್ಯಯನಗಳಿಗೆ ಹೊಂದುತ್ತದೆ. ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನ ಘಟನೆಗಳು ದೊಡ್ಡವರಾದ ಮೇಲೆ ನೆನಪಿಗೆ ಬರುವುದಿಲ್ಲ. ಇದನ್ನು ಶೈಶವದ ವಿಸ್ಮೃತಿ ಎನ್ನುತ್ತಾರೆ. ಮಧ್ಯವಯಸ್ಸು ದಾಟಿದವರನ್ನು ಕೇಳಿದರೆ ಅವರ ನೆನಪುಗಳು ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನಲ್ಲಿ ಹೆಚ್ಚು ದಟ್ಟವಾಗಿರುವುದೂ ಕಂಡುಬಂದಿದೆ. ಇವೆರಡರ ನಡುವಿನ ವರ್ಷಗಳಲ್ಲಿ ಮಗುವಿನ ನೆನಪಿಗೆ ಆಕಾರ ಕೊಡುವುದರಲ್ಲಿ ಮನೆಯ ಮಾತುಕತೆಯ ಪಾತ್ರ ದೊಡ್ಡದು. ಮನಃಶಾಸ್ತ್ರಜ್ಞೆ ರಾಬಿನ್ ಫಿವುಶ್ ಮತ್ತು ಅವರ ಜೊತೆಗಾರರು ತಾಯಂದಿರು ಮಕ್ಕಳೊಡನೆ ಕಳೆದುಹೋದ ಸಂಗತಿಗಳ ಬಗ್ಗೆ ಹೇಗೆ ಮಾತನಾಡುತ್ತಾರೆ ಎಂಬುದನ್ನು ಅನೇಕ ವರ್ಷ ಅಧ್ಯಯನ ಮಾಡಿದ್ದಾರೆ. “ಹೋಗಿದ್ದು ನೆನಪಿದೆಯಾ” ಎಂದು ಕೇಳಿ ಸುಮ್ಮನಾಗುವ ಮನೆಗಿಂತ, “ಅಲ್ಲಿ ಏನು ನೋಡಿದೆ, ಆಮೇಲೆ ಏನಾಯಿತು, ನಿನಗೆ ಯಾಕೆ ಹೆದರಿಕೆಯಾಯಿತು” ಎಂದು ಕೇಳುತ್ತಾ, ಮಗು ಹೇಳಿದ್ದಕ್ಕೆ ವಿವರ ಸೇರಿಸುತ್ತಾ ಹೋಗುವ ಮನೆಯ ಮಕ್ಕಳು ತಮ್ಮ ಬದುಕನ್ನು ಹೆಚ್ಚು ಸಮೃದ್ಧವಾಗಿ ಹೇಳಬಲ್ಲವರಾಗುತ್ತಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೆನಪು ಎಂಬುದು ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಬ್ರಿಟನ್ನಿನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದ್ದರು. ಹೇಳಿ ಹೇಳಿ ಕಥೆಯ ಅಂಚುಗಳು ನಯವಾಗುತ್ತವೆ, ಕೆಲವು ವಿವರಗಳು ಬೇರೆ ಯಾತ್ರೆಯಿಂದ ಬಂದು ಸೇರಿಕೊಳ್ಳುತ್ತವೆ. ವಸ್ತು ಎದುರಿಗಿದ್ದರೆ ಆ ಅಲೆದಾಟಕ್ಕೆ ಒಂದು ಗೂಟ ಇರುತ್ತದೆ. ಬೆಂಗಳೂರಿನವರ ತಂದೆಯ ಲೆಕ್ಕದ ಪುಸ್ತಕ ಈ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು; ಅದರ ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ ಎಂದು ವಿನಂತಿಸುತ್ತೇನೆ.

ಖಾಲಿ ಕಪಾಟು, ಬೆಂಗಳೂರು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ತಂದೆತಾಯಿ ಇಬ್ಬರೂ ತೀರಿಕೊಂಡ ಮೇಲೆ ಅವರ ಮನೆಯನ್ನು ಖಾಲಿ ಮಾಡುವ ಹೊಣೆ ನನ್ನ ಮೇಲೆ ಬಿತ್ತು. ಶೋಕೇಸಿನ ತುಂಬ ವಸ್ತುಗಳಿದ್ದವು. ಅಮೃತಶಿಲೆಯ ಪೆಟ್ಟಿಗೆ, ಶಂಖ, ಗಂಧದ ಆನೆ, ಮರದ ದೋಣಿ. ಯಾವುದು ಯಾವ ಊರಿನದು, ಯಾರು ತಂದದ್ದು, ಯಾಕೆ ತಂದದ್ದು ಎಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ. ಅಷ್ಟನ್ನೂ ನನ್ನ ಎರಡು ಕೋಣೆಯ ಮನೆಗೆ ತರುವುದು ಸಾಧ್ಯವಿರಲಿಲ್ಲ. ಬಿಡುವಾಗ ಆದ ಸಂಕಟ ಹೇಳತೀರದು. ಅಂದಿನಿಂದ ನಾನು ಪ್ರವಾಸದಲ್ಲಿ ಏನನ್ನೂ ಕೊಳ್ಳುವುದಿಲ್ಲ. ಊರು ನೋಡುವ ಪ್ರೀತಿ ಕಡಿಮೆಯಾಗಿಲ್ಲ, ಆದರೆ ಮಕ್ಕಳ ಮೇಲೆ ಅರ್ಥವಾಗದ ವಸ್ತುಗಳ ಭಾರ ಹೊರಿಸಲು ಮನಸ್ಸು ಒಪ್ಪುವುದಿಲ್ಲ.

ಗೊಂಬೆಮನೆ, ಮೈಸೂರು

ತಮ್ಮ ಸಂಕಟ ನನಗೆ ಪೂರ್ತಿ ಅರ್ಥವಾಗುತ್ತದೆ. ಮಾತು ಕಳೆದುಕೊಂಡ ವಸ್ತು ಭಾರವೇ ಹೌದು. ನಮ್ಮ ತಾಯಿಯವರು ಅಜ್ಜಿಯ ಕೊನೆಗಾಲದಲ್ಲಿ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳುತ್ತೇನೆ. ಅಜ್ಜಿಯನ್ನು ಕೂರಿಸಿಕೊಂಡು, ಒಂದೊಂದೇ ಗೊಂಬೆ ತೋರಿಸಿ, ಅವರು ಹೇಳಿದ್ದನ್ನು ಎರಡೇ ಸಾಲಿನಲ್ಲಿ ಚೀಟಿಯ ಮೇಲೆ ಬರೆದು, ಗೊಂಬೆಯನ್ನು ಸುತ್ತಿದ ಬಟ್ಟೆಯೊಳಗೆ ಇಟ್ಟರು. ಅಜ್ಜಿಗೆ ನೆನಪಾಗದೆ ಹೋದ ಗೊಂಬೆಗಳನ್ನು ಹತ್ತಿರದ ಶಿಶುವಿಹಾರಕ್ಕೆ ಕೊಟ್ಟರು. ಉಳಿದದ್ದು ಎರಡು ಟ್ರಂಕಿನಿಂದ ಒಂದಕ್ಕೆ ಇಳಿಯಿತು. ಎಲ್ಲವನ್ನೂ ಇಡಬೇಕೆಂದಾಗಲಿ ಎಲ್ಲವನ್ನೂ ಬಿಡಬೇಕೆಂದಾಗಲಿ ನಾನು ಹೇಳುವುದಿಲ್ಲ. ಚೀಟಿ ಬರೆಯಲು ಬಾರದ ವಸ್ತುವನ್ನು ಇಡುವುದು ಬೇಡ ಎಂಬಷ್ಟಕ್ಕೆ ನಾನು ಒಪ್ಪುತ್ತೇನೆ.

ಕಾಳಿ ಸಂಗಮ, ಕಾರವಾರ

ಶಂಖದ ಪ್ರಸ್ತಾಪ ಬಂದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕಡಲತೀರಕ್ಕೆ ಬರುವ ಕುಟುಂಬಗಳ ಮಕ್ಕಳು ಜೇಬಿನ ತುಂಬ ಚಿಪ್ಪು ಆರಿಸಿಕೊಳ್ಳುವುದನ್ನು ದಿನವೂ ನೋಡುತ್ತೇನೆ. ಅವರ ಸಂತೋಷ ಕಂಡು ನನಗೂ ಸಂತೋಷವಾಗುತ್ತದೆ. ಆದರೆ ಹಿರಿಯರಿಗೆ ಕೆಲವು ಸಂಗತಿ ತಿಳಿದಿರಬೇಕು. ಹವಳ, ಕಡಲ ಬೀಸಣಿಗೆ, ಕಡಲಕುದುರೆ ಮತ್ತು ಕೆಲವು ಜಾತಿಯ ದೊಡ್ಡ ಶಂಖ ಚಿಪ್ಪುಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಿಗೆ, ಅಂದರೆ ರಕ್ಷಿತ ಜೀವಿಗಳ ಪಟ್ಟಿಗಳಿಗೆ, ಸೇರಿಸಲಾಗಿದೆ. ಅಂಗಡಿಯಲ್ಲಿ ರಾಜಾರೋಷವಾಗಿ ಇಟ್ಟಿದ್ದಾರೆ ಎಂದ ಮಾತ್ರಕ್ಕೆ ಹವಳದ ತುಂಡನ್ನು ಕೊಂಡು ಶೋಕೇಸಿನಲ್ಲಿ ಇಡುವುದು ಸರಿಯಾಗುವುದಿಲ್ಲ. ದಂತದ ವಸ್ತುಗಳ ವಿಷಯವೂ ಹೀಗೆಯೇ. ಭಾರತದ ಆನೆಯ ದಂತದ ವ್ಯಾಪಾರವನ್ನು 1986ರಲ್ಲೇ ನಿಲ್ಲಿಸಲಾಗಿದೆ.

ನನ್ನ ಮಗಳಿಗೆ ನಾನು ಕಾನೂನಿನಿಂದ ಶುರುಮಾಡಿ ಹೇಳಲಿಲ್ಲ. ಉಬ್ಬರ ಇಳಿದ ಮೇಲೆ ಬಂಡೆಗಳ ನಡುವಿನ ನೀರಿನಲ್ಲಿ ಸನ್ಯಾಸಿ ಏಡಿಯನ್ನು ತೋರಿಸಿದೆ. ಅದಕ್ಕೆ ಸ್ವಂತ ಗಟ್ಟಿ ಹೊದಿಕೆ ಪೂರ್ತಿಯಾಗಿ ಇರುವುದಿಲ್ಲ. ಖಾಲಿಯಾದ ಶಂಖವನ್ನು ಹುಡುಕಿ ಅದರೊಳಗೆ ಮೈ ತೂರಿಸಿಕೊಂಡು ಬದುಕುತ್ತದೆ, ಬೆಳೆದಂತೆ ಇನ್ನೂ ದೊಡ್ಡ ಶಂಖಕ್ಕೆ ಬದಲಾಯಿಸಿಕೊಳ್ಳುತ್ತದೆ. ಅದನ್ನು ಕಂಡ ಮೇಲೆ ಅವಳೇ ಕೈಯಲ್ಲಿದ್ದ ಶಂಖಗಳನ್ನು ನೀರಿಗೆ ಹಾಕಿದಳು. ಈಗ ಪ್ರತಿ ತೀರದಲ್ಲೂ ಚಿತ್ರ ಬರೆಯುತ್ತಾಳೆ, ಅವಳ ಪ್ರವಾಸದ ನೆನಪೆಲ್ಲ ಆ ಚಿತ್ರಪುಸ್ತಕದಲ್ಲಿದೆ. ಹಂಪಿಯಲ್ಲಿ ಬಿದ್ದ ಕೆತ್ತನೆಯ ಚೂರನ್ನು ಯಾರೂ ತರಬಾರದು ಎಂಬುದನ್ನೂ ಅವಳು ತಾನಾಗಿಯೇ ತನ್ನ ತಮ್ಮನಿಗೆ ತಿಳಿಸಿ ಹೇಳುತ್ತಾಳೆ.

ಕಡಲಾಚೆ, ನ್ಯೂಜೆರ್ಸಿ

ಇಲ್ಲಿ ನಾವು ಕೆಲವು ಕನ್ನಡದ ಮನೆಗಳವರು ಪ್ರತಿ ವರ್ಷ ಗೊಂಬೆ ಕೂರಿಸುತ್ತೇವೆ. ಮಂಡ್ಯದ ನಮ್ಮ ಮನೆಯಿಂದ ಪಟ್ಟದ ಗೊಂಬೆಗಳನ್ನು ರೇಷ್ಮೆ ಸೀರೆಗಳ ನಡುವೆ ಸುತ್ತಿ ತಂದದ್ದು. ಗಂಗೆಯ ಗಿಂಡಿಯನ್ನು ಮಾತ್ರ ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ. ಭದ್ರತಾ ತಪಾಸಣೆಯಲ್ಲಿ ನೂರು ಮಿಲಿಲೀಟರಿಗಿಂತ ದೊಡ್ಡ ದ್ರವದ ಪಾತ್ರೆಯನ್ನು ಬಿಡುವುದಿಲ್ಲ, ಬೆಸುಗೆ ಬಿಚ್ಚಿಸಿ ನೋಡುವ ಪ್ರಸಂಗವೂ ಬರಬಹುದು. ಅದು ದೊಡ್ಡ ಪೆಟ್ಟಿಗೆಯಲ್ಲೇ ಬರಲಿ.

ನಮ್ಮ ಮಕ್ಕಳ ಮೆಟ್ಟಿಲ ಮೇಲೆ ಚನ್ನಪಟ್ಟಣದ ರೈಲಿನ ಪಕ್ಕದಲ್ಲಿ ಹಾಲೆಂಡಿನ ಗಾಳಿಗಿರಣಿ, ಮೆಕ್ಸಿಕೋದ ಮಣ್ಣಿನ ಹಕ್ಕಿ, ಅವರು ಹೋಗಿ ಬಂದ ರಾಷ್ಟ್ರೀಯ ಉದ್ಯಾನದ ಮರದ ಕರಡಿ ಕುಳಿತಿವೆ. ಮೊದಮೊದಲು ನನಗೆ ಇದು ಪದ್ಧತಿ ತಪ್ಪಿದಂತೆ ಕಾಣುತ್ತಿತ್ತು. ಊರಿನಿಂದ ವಿಡಿಯೋ ಕರೆಯಲ್ಲಿ ನೋಡಿದ ನಮ್ಮ ಮಾವನವರು, ಮೊಮ್ಮಕ್ಕಳಿಗೆ ಒಂದೊಂದು ಗೊಂಬೆಯನ್ನೂ ಕ್ಯಾಮೆರಾದ ಹತ್ತಿರ ಹಿಡಿಯಲು ಹೇಳಿ, “ಇದೆಲ್ಲಿಂದ ತಂದೆ ಮಗಾ? ಅಲ್ಲಿ ಚಳಿ ಇತ್ತಾ? ಅನ್ನ ಸಿಕ್ತಾ?” ಎಂದು ಒಂದೂ ಬಿಡದೆ ವಿಚಾರಿಸಿದರು. ಮಕ್ಕಳು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ ಹೇಳಿದರು. ಇಲ್ಲಿ ವರ್ಷವೆಲ್ಲ ನಮ್ಮ ಮಕ್ಕಳು ಅಷ್ಟು ಉದ್ದ ಕನ್ನಡ ಮಾತನಾಡುವುದು ಆ ಒಂದು ಸಂಜೆಯೇ.

ಹಳೆಕೋಟೆ, ಬೀದರ್

ವಸ್ತುಗಳನ್ನು ಕಾಪಾಡುವ ಬಗೆಯನ್ನು ಯಾರೂ ಬರೆದಿಲ್ಲವಾದ್ದರಿಂದ ನನಗೆ ತಿಳಿದದ್ದನ್ನು ಹೇಳುತ್ತೇನೆ. ನಮ್ಮೂರಿಗೆ ಬಂದವರು ಬಿದ್ರಿ ವಸ್ತು ಕೊಳ್ಳದೆ ಹೋಗುವುದಿಲ್ಲ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಉಜ್ಜಿದಾಗ ಲೋಹ ಮಾತ್ರ ಕಪ್ಪಾಗಿ ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಆ ಕಪ್ಪೇ ಅದರ ಜೀವ. ಮನೆಗೆ ಒಯ್ದವರು ಹಬ್ಬಕ್ಕೆ ಹಿತ್ತಾಳೆ ಪಾತ್ರೆಗಳ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟರೆ ಕಪ್ಪು ಹೊರಟುಹೋಗುತ್ತದೆ. ಮೆತ್ತನೆಯ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಚನ್ನಪಟ್ಟಣದ ಗೊಂಬೆಗಳಿಗೆ ಆಲೆ ಎಂಬ ಮರವನ್ನು ಚರಕಿಯಲ್ಲಿ (ಮರ ಕಡೆಯುವ ಯಂತ್ರದಲ್ಲಿ) ತಿರುಗಿಸುವಾಗ ಅರಗಿನ ಬಣ್ಣ ಹಿಡಿಸಿರುತ್ತಾರೆ. ಅರಗು ಬಿಸಿಲಿಗೆ ಮೆತ್ತಗಾಗುತ್ತದೆ, ಮದ್ಯಸಾರಕ್ಕೆ ಕರಗುತ್ತದೆ. ಆದ್ದರಿಂದ ಕಿಟಕಿಯ ಬಿಸಿಲಿಗೆ ಇಡಬಾರದು, ಸ್ಯಾನಿಟೈಸರಿನಿಂದ ಎಂದೂ ಒರೆಸಬಾರದು. ಕೊಪ್ಪಳದ ಹತ್ತಿರದ ಕಿನ್ನಾಳದ ಬಣ್ಣದ ಮರದ ಗೊಂಬೆಗಳಿಗೆ ನೀರು ಸೋಕಿಸಲೇಬಾರದು, ಒಣ ಕುಂಚದಿಂದ ಧೂಳು ಹೊಡೆದರೆ ಸಾಕು. ಸುತ್ತಿಡಲು ಹಲವು ಸಲ ಒಗೆದ ಹತ್ತಿಯ ಬಟ್ಟೆಯೇ ಉತ್ತಮ. ದಿನಪತ್ರಿಕೆಯ ಶಾಯಿ ಬಣ್ಣಕ್ಕೆ ಹತ್ತುತ್ತದೆ. ಕೊನೆಯದಾಗಿ, ಈಗಿನ ಬಸ್ಸಿನ ಯಂತ್ರದ ಟಿಕೆಟ್ಟು ಶಾಖಕ್ಕೆ ಅಚ್ಚಾಗುವ ಕಾಗದದ್ದು. ಒಂದೆರಡು ವರ್ಷದಲ್ಲಿ ಅಕ್ಷರ ಮಾಸುತ್ತದೆ, ಲ್ಯಾಮಿನೇಷನ್ ಮಾಡಿಸಿದರೆ ಇಡೀ ಚೀಟಿ ಕಪ್ಪಾಗುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡು ಮಕ್ಕಳ ತಾಯಿ, ಬೆಂಗಳೂರು

ಎಲ್ಲವನ್ನೂ ಓದಿದ ಮೇಲೆ ನನಗೊಂದು ಪ್ರಶ್ನೆಯಿದೆ. ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿದು ಗೊಂಬೆ ಕೊಳ್ಳುವುದು ನನ್ನ ಬಾಲ್ಯದ ದೊಡ್ಡ ಸಂಭ್ರಮವಾಗಿತ್ತು. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ರಸ್ತೆ ಪಟ್ಟಣದ ಹೊರಗಿನಿಂದಲೇ ಹೋಗುತ್ತದೆ. ಮಕ್ಕಳಿಗೆ ಆ ಅಂಗಡಿಗಳ ಸಾಲು ಕಾಣುವುದೇ ಇಲ್ಲ. ಆರು ವರ್ಷದ ಮಗನಿಗೆ, ಒಂಬತ್ತು ವರ್ಷದ ಮಗಳಿಗೆ ಈ ರುಚಿ ಹತ್ತಿಸಲು ಎಲ್ಲಿಂದ ಆರಂಭಿಸಬೇಕು?

ಹೋಲ್ಡಾಲ್, ಬೆಂಗಳೂರು

ಕಾರು ಬಿಟ್ಟು ರೈಲಿನಲ್ಲಿ ಹೋಗಿ. ಬೆಂಗಳೂರು ಮೈಸೂರು ನಡುವಿನ ಅನೇಕ ರೈಲುಗಳು ಚನ್ನಪಟ್ಟಣದಲ್ಲಿ ನಿಲ್ಲುತ್ತವೆ. ಅಂಗಡಿಗಿಂತ ಮೊದಲು ಚರಕಿ ತಿರುಗುವ ಒಂದು ಕೆಲಸದ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ತಾಗಿಸಿದ ಕೂಡಲೇ ಬಣ್ಣ ಏರುವುದನ್ನು, ಆಮೇಲೆ ಕೇದಿಗೆಯ ಗರಿಯಿಂದ ಒತ್ತಿ ಹೊಳಪು ಬರಿಸುವುದನ್ನು ಅವರು ಕಣ್ಣಾರೆ ನೋಡಲಿ. ಬಳಿಕ ಇಬ್ಬರ ಕೈಗೂ ಸಮನಾಗಿ ಸ್ವಲ್ಪ ಹಣ ಕೊಟ್ಟು, ಅವರವರ ಗೊಂಬೆಯನ್ನು ಅವರವರೇ ಆರಿಸಿಕೊಳ್ಳಲು ಬಿಡಿ. ನಿಮಗೆ ಇಷ್ಟವಾಗದ ಬಣ್ಣವನ್ನು ಆರಿಸಿದರೂ ಬೇಡ ಎನ್ನಬೇಡಿ. ಊರಲ್ಲಿ ಉಳಿದ ಅಜ್ಜಿಗೋ ಗೆಳೆಯನಿಗೋ ಕೊಡಲು ಇನ್ನೊಂದನ್ನು ಕೊಳ್ಳುವಷ್ಟು ಹಣವೂ ಅದರಲ್ಲಿರಲಿ, ಸವದತ್ತಿಯವರು ಹೇಳಿದ ಪಾಲಿನ ಲೆಕ್ಕಕ್ಕೆ. ಮನೆಗೆ ಬಂದ ರಾತ್ರಿಯೇ ಇಬ್ಬರ ಕೈಯಲ್ಲೂ ಚೀಟಿ ಬರೆಸಿ. ಆರು ವರ್ಷದವನಿಗೆ ಬರೆಯಲು ಬಾರದಿದ್ದರೆ ಅವನು ಹೇಳಿದ್ದನ್ನು ಅಕ್ಕ ಬರೆದುಕೊಳ್ಳಲಿ.